ಮಳೆಗೆ ಕಾರಣ ಕೇಳುತ್ತಿದ್ದ ಟೀಚರ್

ಈ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದ ದಿನ ಮಳೆ ಬಂತು, ಟೀಚರ್ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಮೇ ಕೊನೆಗೆ ಅವರಿಗೆ ನಿವೃತ್ತಿಯಾಗಿತ್ತು. ಆದರೂ ಸ್ಟಾಫ್ ರೂಮಿನಲ್ಲಿದ್ದ ನಾವೆಲ್ಲ ಒಮ್ಮೆ ಗೇಟಿನ ಕಡೆ ನೋಡಿದೆವು. ಮಳೆಯ ಜೊತೆಗೆ ಅವರು ಬರುವುದು ನಮಗೆ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು.

ಕಾಸರಗೋಡಿನ ಮೀಂಜ ಕಡೆಯ ನಮ್ಮ ಶಾಲೆ ಇರುವುದು ಪದವಿನ ಮೇಲೆ. ಎತ್ತರದ ಮುರಕಲ್ಲಿನ ಬೋಳು ನೆಲ, ಗಾಳಿಗೆ ತಡೆ ಎಂಬುದೇ ಇಲ್ಲ. ಬಸ್ಸಿಳಿದು ವರಾಂಡ ಸೇರುವಷ್ಟರಲ್ಲಿ ನಮ್ಮ ಕೊಡೆಗಳು ಮಗುಚಿ ಬಟ್ಟಲಾಗುತ್ತಿದ್ದವು. ನಾವು ಮಳೆಗೆ ಬೈಯುತ್ತಾ ಒಳಗೆ ಓಡುತ್ತಿದ್ದರೆ ಟೀಚರ್ ಮಾತ್ರ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ತಲೆವಸ್ತ್ರದ ಪಿನ್ ಸರಿಮಾಡಿಕೊಂಡು, ಹಳದಿ ರೈನ್‌ಕೋಟಿನಲ್ಲಿ ಅಂಗಳದ ನಡುವೆಯೇ ನಿಂತು ಆಕಾಶ ನೋಡುತ್ತಿದ್ದರು. ಮುಖದ ಮೇಲೆ ನೀರು ಇಳಿಯುತ್ತಿತ್ತು. ಮದುವೆ ಮನೆಗೆ ಬಂದ ನೆಂಟರನ್ನು ಗುರುತು ಹಿಡಿಯುವವರ ಹಾಗೆ ಅವರು ಒಂದೊಂದು ಮೋಡವನ್ನೂ ನೋಡುತ್ತಿದ್ದರು.

"ಒಳಗೆ ಬನ್ನಿ ಟೀಚರ್, ಜ್ವರ ಬಂದೀತು" ಎಂದು ನಾನು ಕರೆದರೆ, "ಬಂದೆ ಮಾಷ್ಟ್ರೇ. ನಿನ್ನೆ ಹನಿ ಸಣ್ಣ ಇತ್ತು, ಇವತ್ತು ಇಷ್ಟು ದಪ್ಪ ಉಂಟು. ಕಾರಣ ಎಂತ?" ಎನ್ನುತ್ತಿದ್ದರು.

ಈ "ಕಾರಣ ಎಂತ?" ಅವರ ಬಾಯಿಯಿಂದ ದಿನಕ್ಕೆ ಎಷ್ಟು ಸಲ ಬೀಳುತ್ತಿತ್ತೋ! ನಾನು ಕನ್ನಡ ಪಾಠದವ, ಅವರು ಸಮಾಜ ವಿಜ್ಞಾನದವರು. ಇತಿಹಾಸ, ಅರ್ಥಶಾಸ್ತ್ರ ಎಲ್ಲ ಅವರೇ ಕಲಿಸಬೇಕಿತ್ತು. ಕಲಿಸುತ್ತಿದ್ದರು ಕೂಡ. ಆದರೆ ಯಾವ ರಾಜ ಯಾವ ಕೋಟೆಗೆ ಮುತ್ತಿಗೆ ಹಾಕಿದರೂ ಪಕ್ಕದ ಕ್ಲಾಸಿನಲ್ಲಿದ್ದ ನನಗೆ ಕೇಳಿಸುತ್ತಿದ್ದದ್ದು, "ಅವನು ಮಳೆಗಾಲ ಮುಗಿಯುವವರೆಗೆ ಕಾದದ್ದು ಎಂತಕ್ಕೆ? ಹೇಳಿ ನೋಡುವ" ಎಂಬ ಪ್ರಶ್ನೆ. ಎಲ್ಲಿ ಹೊರಟರೂ ಕೊನೆಗೆ ಮೋಡಕ್ಕೆ ಬಂದು ನಿಲ್ಲುತ್ತಿದ್ದರು.

ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಒಮ್ಮೆ ಕೇಳಿದ್ದೆ. ಅವರದು ಉಪ್ಪಳದ ಬ್ಯಾರಿ ಕುಟುಂಬ, ತಂದೆಗೆ ಜವಳಿ ಅಂಗಡಿ. "ಮಳೆಗಾಲದಲ್ಲಿ ಗಿರಾಕಿ ಎಲ್ಲಿ ಮಾಷ್ಟ್ರೇ? ಉಪ್ಪ ಬಾಗಿಲಲ್ಲಿ ಕೂತು ರೇಡಿಯೊ ಕೇಳುವುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ರೇಡಿಯೊ ಹೇಳ್ತದೆ, ಎರಡು ದಿನ ಕಳೆದ ಮೇಲೆ ನಮ್ಮ ಅಂಗಡಿ ಮೆಟ್ಟಿಲಿಗೆ ನೀರು ಬರ್ತದೆ. ನನಗೆ ಆಶ್ಚರ್ಯ. ಬಂಗಾಳ ಎಲ್ಲಿ, ಉಪ್ಪಳ ಎಲ್ಲಿ? ಅಲ್ಲಿ ಕುಸಿದರೆ ಇಲ್ಲಿ ಎಂತಕ್ಕೆ ಮಳೆ? ಉಪ್ಪನ ಹತ್ತಿರ ಕೇಳಿದೆ. 'ನನಗೆ ಗೊತ್ತಿಲ್ಲ ಮಗಳೇ, ನೀನೇ ಓದಿ ಬಂದು ಹೇಳು' ಅಂದ್ರು. ಅದಕ್ಕೆ ಓದಿದ್ದು."

ಓದಿ ಬಂದು ಉಪ್ಪನಿಗೆ ಹೇಳಿದ್ದನ್ನೇ ಆಮೇಲೆ ಅವರು ಮಕ್ಕಳಿಗೆ ಹೇಳಿದರು. ಹೇಳಿದರು ಎನ್ನುವುದಕ್ಕಿಂತ ಆಡಿಸಿದರು. ಪ್ರತಿ ವರ್ಷ ಜೂನ್‌ನಲ್ಲಿ ಎಂಟನೇ ಕ್ಲಾಸಿನ ಮಕ್ಕಳನ್ನು ಅಂಗಳಕ್ಕೆ ಇಳಿಸಿ, ಬಿಸಿಯೂಟದ ಲೋಟಗಳನ್ನು ಕೊಟ್ಟು, ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸುತ್ತಿದ್ದರು. ಟ್ಯಾಂಕು ಅರಬ್ಬಿ ಸಮುದ್ರ. ಶಾಲೆಯ ಹಿಂದೆ ಮೇಲಿನ ಬ್ಲಾಕಿಗೆ ಹೋಗುವ ಕಡಿದಾದ ಮೆಟ್ಟಿಲು ಪಶ್ಚಿಮ ಘಟ್ಟ. ಮೆಟ್ಟಿಲಿನಾಚೆ ತುದಿಯಲ್ಲಿ ಒಬ್ಬ ಹುಡುಗಿ ನಿಂತು ಎರಡೂ ಕೈ ಬೀಸಿ ಕರೆಯಬೇಕು. ಅವಳೇ ಬಂಗಾಳದ ವಾಯುಭಾರ ಕುಸಿತ.

"ಅಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಹೊಂಡ ಬಿದ್ದಿದೆ, ಅವಳು ಕರೀತಾಳೆ. ನೀವು ಗಾಳಿ, ಓಡಬೇಕು. ಸಮುದ್ರದಿಂದ ಹೊರಡುವಾಗ ಲೋಟ ತುಂಬಿಸಿಕೊಳ್ಳಿ. ಸಮುದ್ರ ಬೆಚ್ಚಗೆ ಇದ್ದಷ್ಟೂ ಲೋಟ ದೊಡ್ಡದು. ಈಗ ಎದುರಿಗೆ ಎಂತ ಬಂತು? ಘಟ್ಟ! ಹತ್ತಿ ಹತ್ತಿ. ಮೇಲೆ ಹೋದಷ್ಟೂ ಚಳಿ. ಚಳಿಯಲ್ಲಿ ಕೈ ನಡುಗ್ತದೆ, ಲೋಟ ಹಿಡಿದುಕೊಳ್ಳಲಿಕ್ಕೆ ಆಗುವುದಿಲ್ಲ. ಚೆಲ್ಲಿ!"

ಮಕ್ಕಳು ಚೆಲ್ಲುತ್ತಿದ್ದರು. ಮೆಟ್ಟಿಲ ಬುಡದಲ್ಲಿ ಯಾರಿದ್ದರೂ ಅವರು ಕಾಸರಗೋಡು ಜಿಲ್ಲೆ. ಒಂದು ವರ್ಷ ನಮ್ಮ ಹೆಡ್‌ಮಾಷ್ಟ್ರು ಫೋನಿನಲ್ಲಿ ಮಾತಾಡುತ್ತಾ ಅಲ್ಲಿಗೇ ಬಂದು ನಿಂತರು. ಬಿಳಿ ಶರಟು, ಇಸ್ತ್ರಿ ಮಾಡಿದ ಪಂಚೆ, ಫೋನು, ಎಲ್ಲವೂ ಒದ್ದೆ. ಮಕ್ಕಳು ಹೆದರಿ ಕಲ್ಲಾದರು. ಹೆಡ್‌ಮಾಷ್ಟ್ರು ಮೇಲೆ ನೋಡಿ, "ಟೀಚರ್, ಇದು ಆರೆಂಜ್ ಅಲರ್ಟಾ, ರೆಡ್ಡಾ?" ಎಂದು ಕೇಳಿದರು. ಟೀಚರ್ ನಕ್ಕ ನಗು ಪದವಿನ ಆಚೆ ತುದಿಗೆ ಕೇಳಿಸಿರಬೇಕು.

ಮಳೆ ಜೋರಾದ ಸಂಜೆಗಳಲ್ಲಿ ಅವರ ಫೋನಿಗೆ ಬಿಡುವಿರುತ್ತಿರಲಿಲ್ಲ. "ಟೀಚರ್, ನಾಳೆ ರಜೆ ಉಂಟಾ?" ಎಂದು ಮಕ್ಕಳು ಕೇಳುವುದು, "ರಜೆ ಕೊಡುವುದು ಕಲೆಕ್ಟರ್, ಮಳೆ ಕೊಡುವುದು ಸಮುದ್ರ. ನಾನು ಇಬ್ಬರಿಗೂ ಸಂಬಂಧಿ ಅಲ್ಲ. ಹೋಂವರ್ಕ್ ಮಾಡು" ಎಂದು ಇವರು ಗದರುವುದು. ದೊಡ್ಡವರಿಗೂ ರಿಯಾಯಿತಿ ಇರಲಿಲ್ಲ. ಯಾವುದೋ ಊರಿನಲ್ಲಿ ಮೇಘಸ್ಫೋಟವಾಯಿತಂತೆ ಎಂದು ನಾನು ಪೇಪರ್ ಓದಿ ಹೇಳಿದರೆ, "ಸ್ಫೋಟ ಆಗಲಿಕ್ಕೆ ಮೋಡ ಎಂತ ಗರ್ನಾಲಾ ಮಾಷ್ಟ್ರೇ? ಸಿಡಿಯುವುದಿಲ್ಲ ಅದು. ಎತ್ತರಕ್ಕೆ ಬೆಳೆದ ಮೋಡ ಹೊತ್ತುಕೊಂಡದ್ದನ್ನು ಒಂದೇ ಜಾಗದಲ್ಲಿ ಇಳಿಸಿದ್ದು, ಅಷ್ಟೆ" ಎಂದು ತಿದ್ದುತ್ತಿದ್ದರು.

ಒಂದೇ ಜಾಗದಲ್ಲಿ ಹಾಗೆ ಸುರಿಯುವುದು ಹೇಗೆ ಎಂದು ನನಗೆ ಅರ್ಥ ಮಾಡಿಸಿದ್ದು ಬಸ್ ಸ್ಟಾಪಿನಲ್ಲಿ. "ಮೋಡ ಅಂದ್ರೆ ಬಸ್ಸು ಅಂತ ಇಟ್ಟುಕೊಳ್ಳಿ. ಒಂದು ಬಸ್ಸು ಬಂತು, ಜನ ಇಳಿಸಿತು, ಹೋಯ್ತು. ಅದು ಸಾಧಾರಣ ಮಳೆ. ಕೆಲವು ಸಲ ಗಾಳಿ ಒಂದೇ ಗೆರೆಯಲ್ಲಿ ನಿಂತುಬಿಡ್ತದೆ. ಆಗ ಒಂದು ಬಸ್ಸು ಇಳಿಸಿ ಹೋಗುವಾಗ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಲ್ಲ ಬಸ್ಸಿಗೂ ಇದೇ ಸ್ಟಾಪು. ಸ್ವಲ್ಪ ಹೊತ್ತಿನಲ್ಲಿ ಇಲ್ಲಿ ನಿಲ್ಲಲಿಕ್ಕೆ ಜಾಗ ಇರ್ತದಾ? ಪಕ್ಕದ ಸ್ಟಾಪಿನಲ್ಲಿ ಒಬ್ಬನೂ ಇಲ್ಲ!" ಅಷ್ಟರಲ್ಲಿ ನಿಜವಾದ ಬಸ್ಸು ಬಂದು, ನಿಲ್ಲದೆ ಹೋಯಿತು. ನಾವು ಮಾತಿನಲ್ಲಿ ಕೈ ತೋರಿಸುವುದನ್ನೇ ಮರೆತಿದ್ದೆವು.

ಅವರು ಹೇಳಿದ್ದೆಲ್ಲ ನಿಜವಾಗುತ್ತಿತ್ತು ಎಂದುಕೊಳ್ಳಬೇಡಿ. ಒಂದು ವರ್ಷ ಶಾಲೆಯ ಸ್ಪೋರ್ಟ್ಸ್ ದಿನ ಹತ್ತಿರ ಬಂದಾಗ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿತ್ತು. "ಮುಂದೆ ಹಾಕುವುದು ಒಳ್ಳೆದು" ಎಂದರು ಟೀಚರ್. ಪಿ.ಟಿ.ಎ. ಅಧ್ಯಕ್ಷ ಸಂಜೀವಣ್ಣ ಆಗಲೇ ಶಾಮಿಯಾನ ಹಾಕಿಸಿ, ಮೈದಾನಕ್ಕೆ ಸುಣ್ಣದ ಗೆರೆ ಎಳೆಸಿ ಆಗಿತ್ತು. ಊರಿನಲ್ಲಿ ಜೀಪು ಓಡಿಸುವ ಅವರಿಗೆ ಕೆಲಸ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಆದರೂ ಟೀಚರ ಮಾತಿಗೆ ಎಲ್ಲ ಬಿಚ್ಚಿಸಿದರು. ಮಾರನೆಯ ದಿನ ಎಂಥ ಬಿಸಿಲು ಎಂದರೆ ಮುರಕಲ್ಲಿನ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಸಂಜೀವಣ್ಣ ಹಣೆಯ ಬೆವರು ಒರೆಸುತ್ತಾ ಸ್ಟಾಫ್ ರೂಮಿಗೆ ಬಂದು ಕೇಳಿದರು:

"ಟೀಚರ್, ನಿಮ್ಮ ಚಂಡಮಾರುತ ಎಲ್ಲಿ?"

"ಓಮಾನಿಗೆ ಹೋಯಿತು ಸಂಜೀವಣ್ಣ."

"ವೀಸಾ ಇಲ್ಲದೆಯಾ?"

ಮೊದಲು ನಕ್ಕದ್ದು ಟೀಚರೇ. ತಪ್ಪಾಯಿತು ಎಂದು ಒಪ್ಪಿಕೊಳ್ಳಲು ಅವರಿಗೆ ಯಾವ ಕಷ್ಟವೂ ಇರಲಿಲ್ಲ. ಆಮೇಲೆ ಚಂಡಮಾರುತ ಯಾಕೆ ತಿರುಗಿತು ಎಂದು ಊಟದ ಹೊತ್ತಿನವರೆಗೂ ವಿವರಿಸಿದರು. ಸಂಜೀವಣ್ಣ ಪಾಪ, ಕೂತು ಕೇಳಿದರು. ಆದರೆ ಆ ದಿನದಿಂದ ಊರಿನಲ್ಲಿ ಯಾರು ಏನು ಕಳಕೊಂಡರೂ, ಕೋಳಿ ಕಾಣದಿದ್ದರೂ, ಚಪ್ಪಲಿ ಕಾಣದಿದ್ದರೂ, "ಓಮಾನಿಗೆ ಹೋಗಿರಬೇಕು" ಎಂಬುದೊಂದು ಮಾತಾಯಿತು.

ಇಷ್ಟೆಲ್ಲ ಆದದ್ದರಿಂದಲೇ ಕಳೆದ ವರ್ಷ ಅಶ್ವಿನಿಯ ಮದುವೆಯ ವಿಷಯದಲ್ಲಿ ಟೀಚರ್ ಮಾಡಿದ್ದು ದೊಡ್ಡ ಕೆಲಸ ಎಂದು ನನಗೆ ಅನಿಸುವುದು.

ಅಶ್ವಿನಿ ನಮ್ಮ ಶಾಲೆಯಲ್ಲಿ ಕಲಿತವಳು, ಸಂಜೀವಣ್ಣನ ತಂಗಿ ಲೀಲಕ್ಕನ ಮಗಳು. ಎಂಟನೇ ಕ್ಲಾಸಿನಲ್ಲಿ ಕೈ ಬೀಸಿ ಬಂಗಾಳ ಕೊಲ್ಲಿಯಾದವಳು ಅವಳೇ. ಲೀಲಕ್ಕ ಬೀಡಿ ಕಟ್ಟಿ ಓದಿಸಿದ ಮಗಳು ಈಗ ಮಂಗಳೂರಿನಲ್ಲಿ ಲ್ಯಾಬ್ ಕೆಲಸದಲ್ಲಿದ್ದಾಳೆ. ಗಂಡು ವರ್ಕಾಡಿಯ ಹುಡುಗ. ಮದುವೆ ಕೂಡದ ಆಟಿ ತಿಂಗಳು ಹಿಡಿಯುವ ಮೊದಲು ಮುಗಿಸಬೇಕೆಂದು ಮಳೆಗಾಲವಾದರೂ ಮುಹೂರ್ತ ಇಟ್ಟಿದ್ದರು. ಜಾಗ, ಕೆಳಗೆ ಗದ್ದೆಬೈಲಿನಲ್ಲಿ ಹೊಳೆಬದಿಯ ಸಭಾಭವನ. ಸೋದರಮಾವನೇ ಮುಂದೆ ನಿಂತು ಎಲ್ಲ ಮಾಡಿಸುತ್ತಿದ್ದರು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಟೀಚರ್ ನನಗೆ ಫೋನ್ ಮಾಡಿದರು. ಧ್ವನಿಯಲ್ಲಿ ನಗು ಇರಲಿಲ್ಲ. "ಮಾಷ್ಟ್ರೇ, ಲೀಲಕ್ಕನ ಮನೆಗೆ ಹೋಗ್ಬೇಕು. ನೀವೂ ಬನ್ನಿ. ನಾನೊಬ್ಬಳೇ ಹೇಳಿದರೆ ಸಂಜೀವಣ್ಣ ನಗಾಡ್ತಾರೆ."

ನಾನು ಹೋದೆ. ಇಬ್ಬರಿದ್ದರೂ ಸಂಜೀವಣ್ಣ ನಕ್ಕರು. ಚಪ್ಪರದ ಕೆಳಗೆ ನೆಂಟರೆಲ್ಲ ಮಲ್ಲಿಗೆ ಹೂವಿನ ಕಟ್ಟು ಬಿಚ್ಚುತ್ತಾ ಕೂತಿದ್ದರು. ಟೀಚರ್ ನಿಂತುಕೊಂಡೇ ಹೇಳಿದರು:

"ಸಂಜೀವಣ್ಣ, ಮದುವೆಯನ್ನು ಶಾಲೆಗೆ ತನ್ನಿ. ಹೆಡ್‌ಮಾಷ್ಟ್ರ ಹತ್ತಿರ ಮಾತಾಡಿದ್ದೇನೆ, ಹಾಲ್ ಕೊಡ್ತಾರೆ."

"ಎಂತ ಟೀಚರ್, ನಾಳೆ ಬರೀ ಆರೆಂಜ್ ಅಲ್ವಾ? ಈ ತಿಂಗಳಲ್ಲಿ ಎಷ್ಟು ಆರೆಂಜ್ ಬಂತು, ಎಷ್ಟು ಹೋಯ್ತು."

"ಬಣ್ಣ ಬಿಡಿ. ಕಾರಣ ನೋಡಿ. ಒಡಿಶಾದ ಹತ್ತಿರ ಕುಸಿತ ಉಂಟು, ಗಾಳಿ ಜೋರು ಎಳೀತಾ ಉಂಟು. ನಮ್ಮ ಕರಾವಳಿ ಉದ್ದಕ್ಕೆ ಇನ್ನೊಂದು ಹೊಂಡ ಮಲಗಿದೆ, ಮೋಡ ಎಲ್ಲ ಅದರಲ್ಲೇ ಸಾಲು ಕಟ್ಟಿದೆ. ವಾರದಿಂದ ಬಿದ್ದ ಮಳೆಗೆ ಪದವು ಕುಡಿದು ಸಾಕಾಗಿದೆ, ಇನ್ನು ಬಿದ್ದದ್ದು ಬಿದ್ದ ಹಾಗೇ ಕೆಳಗೆ ಹರೀತದೆ. ಮೇಲಿಂದ ಹುಣ್ಣಿಮೆ. ಉಬ್ಬರದ ಹೊತ್ತಿಗೆ ಸಮುದ್ರ ಹೊಳೆಯನ್ನು ಒಳಗೆ ಬಿಡುವುದಿಲ್ಲ. ಆಗ ಹೊಳೆ ನೀರು ಎಲ್ಲಿಗೆ ಹೋಗ್ಬೇಕು, ನೀವೇ ಹೇಳಿ."

"ಓಮಾನಿಗೆ ಹೋಗ್ಲಿ ಟೀಚರ್!"

ಚಪ್ಪರವೆಲ್ಲ ನಕ್ಕಿತು. ಟೀಚರೂ ನಕ್ಕರು. ನಕ್ಕು ಮುಗಿದ ಮೇಲೆ ಹೋಗಿ ಸಂಜೀವಣ್ಣನ ಎದುರಿನ ಕುರ್ಚಿಯಲ್ಲಿ ಕೂತರು.

"ಮಳೆ ಬಂದೇ ಬರ್ತದೆ ಅಂತ ನಾನು ಹೇಳುವುದಿಲ್ಲ. ಬರಲಿಕ್ಕೆ ಬೇಕಾದ್ದೆಲ್ಲ ಉಂಟು, ಅಷ್ಟು ಹೇಳ್ತೇನೆ. ಬಾರದಿದ್ದರೆ ಜೀವಮಾನ ಪೂರ್ತಿ ನನ್ನನ್ನು ನಗಾಡಿ. ನನಗೆ ಬೇಸರ ಇಲ್ಲ."

ಸಂಜೀವಣ್ಣನ ಕಷ್ಟವೂ ಸಣ್ಣದಲ್ಲ. ಮಂಟಪ ಕಟ್ಟಿ ಆಗಿದೆ, ಕಟ್ಟಿಗೆ, ಪಾತ್ರೆ ಇಳಿಸಿ ಆಗಿದೆ, ಗಂಡಿನ ಕಡೆಯವರಿಗೆ ಏನು ಹೇಳುವುದು? ಆಗ ಒಳಗಿನಿಂದ ಅಶ್ವಿನಿ ಬಂದಳು, ಎರಡೂ ಕೈಗೆ ಹಸಿ ಮೆಹೆಂದಿ, ಬೆರಳುಗಳನ್ನು ಅಗಲ ಮಾಡಿ ಹಿಡಿದುಕೊಂಡು.

"ಮಾವ, ಟೀಚರ್ ಹೇಳಿದ್ದು ತಪ್ಪಾದ್ರೆ ನನ್ನ ಮದುವೆ ಶಾಲೆಯಲ್ಲಿ ಆಗ್ತದೆ, ಅಷ್ಟೇ. ನೀವು ಹೇಳಿದ್ದು ತಪ್ಪಾದ್ರೆ?"

ಲೀಲಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, "ಅಣ್ಣ, ನನಗೆ ಶಾಲೆ ಆದೀತು" ಎಂದರು. ಸಂಜೀವಣ್ಣ ತಲೆ ಕೆರೆದು, ಕೊನೆಗೆ ಅರ್ಧ ಸೋತರು. ಧಾರೆ ಶಾಲೆಯಲ್ಲಿ. ಅಡಿಗೆ ಮಾತ್ರ ಸಭಾಭವನದಲ್ಲೇ, ಅಲ್ಲಿಂದ ಜೀಪಿನಲ್ಲಿ ತರುವುದು. ಮಧ್ಯಾಹ್ನದಿಂದ ಗಂಡಿನವರಿಗೂ ನೆಂಟರಿಗೂ ಫೋನಿನ ಮೇಲೆ ಫೋನು.

ಮಾರನೆಯ ಬೆಳಿಗ್ಗೆ ಪದವಿನ ಮೇಲೆ ಬಿಸಿಲು! ಹುಲ್ಲಿನ ತುದಿ ಹೊಳೆಯುತ್ತಿತ್ತು. ಸಂಜೀವಣ್ಣ ಹೊಸ ಪಂಚೆ ಉಟ್ಟು ಶಾಲೆಯ ಗೇಟಿನಲ್ಲಿ ನಿಂತು, ಒಮ್ಮೆ ಆಕಾಶ ನೋಡಿ, ಒಮ್ಮೆ ಟೀಚರನ್ನು ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು. ಟೀಚರ್ ಹಸಿರು ರೇಷ್ಮೆ ಸೀರೆಯಲ್ಲಿ ನನ್ನ ಪಕ್ಕ ನಿಂತು ಮೆಲ್ಲಗೆ, "ಮಾಷ್ಟ್ರೇ, ನಾನು ಹಿಂದಿನ ಬಾಗಿಲಿಂದ ಮನೆಗೆ ಹೋಗ್ಲಾ?" ಎಂದರು.

ಗಂಡಿನ ದಿಬ್ಬಣ ಬಂದು ಕೂತಿತು. ವಾಲಗ ಶುರುವಾಯಿತು. ಪಾನಕ ಹಂಚುತ್ತಿದ್ದಾಗ ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ಒಂದು ಸಲ ಬಂದು ಹಾಲಿನ ಕಿಟಕಿಗಳನ್ನೆಲ್ಲ ಬಡಿದು ಹೋಯಿತು, ಆಮೇಲೆ ಮಳೆ. ಶೀಟಿನ ಮಾಡಿನ ಮೇಲೆ ಅದು ಬಿದ್ದ ಸದ್ದಿಗೆ ವಾಲಗದವರು ಊದುತ್ತಿದ್ದಾರೆ ಎಂಬುದು ಅವರ ಕೆನ್ನೆ ನೋಡಿ ಗೊತ್ತಾಗಬೇಕಿತ್ತು. ಒಂದು ಮೋಡ ಸುರಿದು ಹೋಗುವಷ್ಟರಲ್ಲಿ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಎದುರಿನ ಗೇಟು ಕಾಣಿಸದಾಯಿತು.

ಸಂಜೀವಣ್ಣನ ಫೋನು ಹೊಡೆದುಕೊಂಡಿತು. ಸಭಾಭವನದ ಅಂಗಳಕ್ಕೆ ನೀರು ಬಂದಿತ್ತು.

ಜೀಪಿನಲ್ಲಿ ಸಂಜೀವಣ್ಣ, ಗಂಡಿನ ಕಡೆಯ ನಾಲ್ಕೈದು ಹುಡುಗರು, ನಾನು. ಟೀಚರೂ ಹತ್ತಿದರು. ರೇಷ್ಮೆ ಸೀರೆಯ ಮೇಲೆ ಹಳದಿ ರೈನ್‌ಕೋಟು. ಮೊದಲ ಟ್ರಿಪ್ಪಿನಲ್ಲಿ ಅನ್ನ, ಸಾಂಬಾರು ಮೇಲೆ ಬಂತು. ಎರಡನೆಯದರಲ್ಲಿ ಪಲ್ಯ, ಹೋಳಿಗೆ, ಅಡಿಗೆಯ ಹೆಂಗಸರು. ಮೂರನೆಯ ಸಲ ಇಳಿದಾಗ ರಸ್ತೆಯೇ ಇರಲಿಲ್ಲ. ಕೆಂಪು ನೀರು ಸಭಾಭವನದ ಸುತ್ತ ಎದೆಮಟ್ಟಕ್ಕೆ ಏರಿತ್ತು. ಒಳಗೆ ಉಳಿದದ್ದು ಅಡಿಗೆ ಭಟ್ಟರು. ಪಾಯಸ ಬಿಟ್ಟು ಬರುವುದಿಲ್ಲ ಎಂದು ಕೂತಿದ್ದರಂತೆ.

ಚಪ್ಪರದ ಹಗ್ಗ ಜೀಪಿನಲ್ಲಿತ್ತು. ಒಂದು ತುದಿ ಹಿಡಿದು ಈಜು ಬರುವ ಇಬ್ಬರು ಹುಡುಗರು ನೀರಿಗಿಳಿದರು. ಇನ್ನೊಂದು ತುದಿಯನ್ನು ಜೀಪಿಗೆ ಕಟ್ಟಿ, ಉಳಿದವರೆಲ್ಲ ಹಿಡಿದುಕೊಂಡೆವು. ಸ್ವಲ್ಪ ಹೊತ್ತಿಗೆ ಬಾಗಿಲಿನಿಂದ ಹೊರಬಂದ ದೃಶ್ಯ ನನಗೆ ಸಾಯುವವರೆಗೂ ಮರೆಯುವುದಿಲ್ಲ. ಮುಚ್ಚಳಕ್ಕೆ ಬಟ್ಟೆ ಬಿಗಿದು ಕಟ್ಟಿದ ಪಾಯಸದ ದೊಡ್ಡ ಕೊಪ್ಪರಿಗೆ ದೋಣಿಯ ಹಾಗೆ ತೇಲುತ್ತಾ ಬರುತ್ತಿತ್ತು. ಅದರ ಕಿವಿ ಹಿಡಿದುಕೊಂಡು ಭಟ್ಟರು. ಎರಡೂ ಕಡೆ ಹುಡುಗರು.

"ಭಟ್ರೇ, ಪಾಯಸ ಬಿಡಿ! ಹಗ್ಗ ಹಿಡ್ಕೊಳ್ಳಿ!" ಎಂದು ಟೀಚರ್ ಕೂಗಿದರು.

"ಪಾಯಸ ಬಿಟ್ರೆ ನಾನು ಮುಳುಗ್ತೇನೆ ಟೀಚರ್!"

ಎಳೆದೆವು. ಕೈ ಸುಲಿದು ಹೋಗುವಷ್ಟು ಎಳೆದೆವು. ಭಟ್ಟರು ದಡ ಮುಟ್ಟಿ, ಕೆಸರಿನಲ್ಲಿ ಕೂತು, ಮೊದಲು ಮುಚ್ಚಳದ ಬಟ್ಟೆ ಮುಟ್ಟಿ ನೋಡಿದರು. ಗಂಟು ಗಟ್ಟಿ ಇತ್ತು.

ಧಾರೆ ಮುಹೂರ್ತಕ್ಕೆ ಸರಿಯಾಗಿ ಆಯಿತು. ಸೋದರಮಾವ ಒದ್ದೆ ಪಂಚೆಯಲ್ಲೇ ನಿಂತು ಮಾಡಿಸಿದರು. ಊಟದ ಹೊತ್ತಿಗೆ ಬೈಲಿನ ಮನೆಗಳವರು ಮಕ್ಕಳು ಮರಿಗಳ ಸಮೇತ ಮೇಲೆ ಬರತೊಡಗಿದರು. ಕರೆಯದವರು ಎಂದು ಯಾರೂ ಇರಲಿಲ್ಲ. ಸಂಜೀವಣ್ಣ ಗೇಟಿನಲ್ಲಿ ನಿಂತು ಎಲ್ಲರನ್ನೂ ಕೈ ಮುಗಿದು ಒಳಗೆ ಕರೆದರು. ಸಾಯಂಕಾಲ ವಿಲ್ಲೇಜ್ ಆಫೀಸರು ಪರಿಹಾರ ಶಿಬಿರ ತೆರೆಯಲು ಬಂದಾಗ ಅಲ್ಲಿ ಆಗಲೇ ಹೋಳಿಗೆ ಊಟ ನಡೆಯುತ್ತಿತ್ತು, ಮದುಮಗಳೇ ತುಪ್ಪ ಬಡಿಸುತ್ತಿದ್ದಳು. ಆಫೀಸರಿಗೂ ಎಲೆ ಹಾಕಿದೆವು. ಕೊಪ್ಪರಿಗೆಯಲ್ಲಿ ಪಾಯಸ ಒಂದು ತೊಟ್ಟೂ ಉಳಿಯಲಿಲ್ಲ. ಹಲವರ ಮನೆಗೆ ನೀರು ನುಗ್ಗಿತ್ತು, ಕೋಳಿಗೂಡು, ಕಟ್ಟಿಗೆ ರಾಶಿ ತೇಲಿ ಹೋಗಿದ್ದವು. ಆದರೆ ಎಣಿಸಿ ನೋಡಿದಾಗ ಜನ ಎಲ್ಲರೂ ಇದ್ದರು.

ಮಳೆ ಸ್ವಲ್ಪ ಬಿಟ್ಟಾಗ ಪದವಿನ ಅಂಚಿಗೆ ಹೋಗಿ ನಿಂತೆವು. ಬೈಲು ಸಮುದ್ರವಾಗಿತ್ತು. ಸಭಾಭವನದ ಕಿಟಕಿಗಳು ಅರ್ಧ ಮುಳುಗಿದ್ದವು. ಧಾರೆ ನಡೆಯಬೇಕಾಗಿದ್ದ ಮಂಟಪದ ಬಾಳೆಕಂಬವೊಂದು ನೀರಿನಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಸಂಜೀವಣ್ಣ ಅದನ್ನೇ ನೋಡಿದರು. ಆಮೇಲೆ ಈ ಕಡೆ ತಿರುಗಿ, "ಟೀಚರ್, ಮುಂದಿನ ಸ್ಪೋರ್ಟ್ಸ್ ಯಾವತ್ತು ಇಡುವುದು, ನೀವೇ ಹೇಳಿ" ಎಂದರು.

ಗೆದ್ದೆ ಎಂಬ ಭಾವ ಟೀಚರ ಮುಖದಲ್ಲಿ ಇರಲಿಲ್ಲ. "ಅದಿರಲಿ ಸಂಜೀವಣ್ಣ, ಬೆಳಿಗ್ಗೆ ಆ ಬಿಸಿಲು ಎಂತಕ್ಕೆ ಬಂತು ಅಂತ ನನಗೆ ಇನ್ನೂ ಗೊತ್ತಾಗ್ಲಿಲ್ಲ" ಎಂದು ಯೋಚಿಸುತ್ತಾ ನಿಂತುಬಿಟ್ಟರು.

ಟೀಚರ ಬೀಳ್ಕೊಡುಗೆಯ ದಿನ ಎಲ್ಲರೂ ಇದನ್ನೇ ಹೇಳಿದೆವು. ನಿವೃತ್ತರಾಗಿ ಎಂತ ಮಾಡುತ್ತೀರಿ ಎಂದು ಕೇಳಿದರೆ, "ಒಂದು ಬಾಕಿ ಉಂಟು, ಆಮೇಲೆ ಹೇಳ್ತೇನೆ" ಎಂದಷ್ಟೇ ಅಂದರು.

ಅದೇನೆಂದು ಗೊತ್ತಾದದ್ದು ಮೊನ್ನೆ ಓಣಂ ರಜೆಯಲ್ಲಿ. ಪಂಚಾಯತಿನವರು ಹೂಳು ತೆಗೆದು ಮೆಟ್ಟಿಲು ಕಟ್ಟಿಸಿದ ಕೆರೆಯೊಂದು ನಮ್ಮಲ್ಲಿದೆ. ಬೆಳಿಗ್ಗೆ ಅಲ್ಲಿ ಹೆಂಗಸರಿಗೆ ಈಜು ಕಲಿಸುತ್ತಾರೆ. ಮಗಳನ್ನು ಬಿಡಲು ಹೋದರೆ, ಕೊನೆಯ ಮೆಟ್ಟಿಲಿನಲ್ಲಿ ಮೈತುಂಬ ಈಜುಡುಗೆ, ತಲೆಗೆ ಬಿಗಿ ಟೊಪ್ಪಿ ಹಾಕಿಕೊಂಡು ನಡುಗುತ್ತಾ ಕೂತವರು ನಮ್ಮ ಟೀಚರ್! ಪಕ್ಕದಲ್ಲಿ ಲೀಲಕ್ಕ.

"ನೀವೆಂತ ಇಲ್ಲಿ ಟೀಚರ್?"

"ನನಗೆ ಈಜು ಬರುವುದಿಲ್ಲ ಮಾಷ್ಟ್ರೇ," ಎಂದರು. "ಇಷ್ಟು ವರ್ಷ ಮೇಲಿಂದ ಬರುವ ನೀರಿನ ಪಾಠ ಮಾಡಿದೆ. ಅವತ್ತು ಭಟ್ರು ನೀರಿನಲ್ಲಿ ಇದ್ರು, ನಾನು ದಡದಲ್ಲಿ ಹಗ್ಗ ಹಿಡ್ಕೊಂಡು ನಿಂತಿದ್ದೆ. ಹುಡುಗರು ಇಲ್ಲದಿದ್ರೆ ಎಂತ ಮಾಡ್ತಿದ್ದೆ? ಇನ್ನೊಮ್ಮೆ ಅಂಥ ಮಳೆ ಬರ್ತದೆ. ಬಂದಾಗ ನನಗೆ ಹಗ್ಗದ ಆಚೆ ತುದಿ ಬೇಕು."

ಕಲಿಸುವ ಹುಡುಗಿ ನೀರಿನಲ್ಲಿ ನಿಂತು ಕರೆದಳು. ಟೀಚರ್ ಬಾಯಲ್ಲಿ ಏನೋ ಮಣಮಣಿಸಿ, ಮೂಗು ಹಿಡಿದು, ಮೆಟ್ಟಿಲು ಬಿಟ್ಟರು. ಒಂದು ಕ್ಷಣ ಟೊಪ್ಪಿಯೂ ಕಾಣಿಸಲಿಲ್ಲ. ಲೀಲಕ್ಕ ನನ್ನ ಕೈ ಹಿಡಿದುಕೊಂಡರು. ಆಮೇಲೆ ಟೀಚರ್ ಮೇಲೆ ಬಂದರು. ಕೈಕಾಲು ಬಡಿಯುತ್ತಾ, ನೀರು ಉಗುಳುತ್ತಾ, ಅತ್ತಿತ್ತ ಓರೆಯಾಗುತ್ತಾ ಸಾಗಿದರು. ಅದು ಈಜು ಎಂದು ಯಾರೂ ಒಪ್ಪಲಿಕ್ಕಿಲ್ಲ, ಆದರೆ ಮುಳುಗಲಿಲ್ಲ. ಎದುರು ದಡದ ಕಲ್ಲು ಸಿಕ್ಕಿದಾಗ ಅದನ್ನು ಅಪ್ಪಿ ಹಿಡಿದರು. ಮಾತಾಡಲು ಉಸಿರಿರಲಿಲ್ಲ, ಒಂದು ಕೈ ಎತ್ತಿ ತೋರಿಸಿದರು. ಕೆರೆಯ ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದೆವು.

ಹುಡುಗಿ, "ಸಾಕು ಟೀಚರ್, ಇವತ್ತಿಗೆ ಸಾಕು, ಮೆಟ್ಟಿಲು ಹತ್ತಿ ಬನ್ನಿ" ಎಂದಳು. ಟೀಚರ್ ಮೆಟ್ಟಿಲ ಕಡೆ ನೋಡಿದರು, ನೀರಿನ ಕಡೆ ನೋಡಿದರು. ಆಮೇಲೆ ಕಲ್ಲು ಬಿಟ್ಟು, ತಿರುಗಿ ನಮ್ಮ ದಡಕ್ಕೆ ಹೊರಟರು.